ಎರಡಕ್ಕಿಂತ ಮೊದಲು ನಾಲ್ಕು

"ಒಂದಾದ ಮ್ಯಾಲೆ?" ಎಂದರು ಹಯವದನರಾಯರು, ಕೈಯಲ್ಲಿದ್ದ ಝೆರಾಕ್ಸ್ ಹಾಳೆಯಿಂದ ಕಣ್ಣೆತ್ತದೆ.

ವಿಂಧ್ಯಾ ಸೂರು ನೋಡಿದಳು. ಮೇಲೆ ತಾರಸಿಯಲ್ಲಿ ಯಾರದೋ ಗಾಳಿಪಟ ಕಡಿದು "ಕಾಯ್ಪೋ ಛೇ!" ಎಂಬ ಕೂಗೆದ್ದಿತು. ಜೊತೆಗೇ ತಟ್ಟೆ ಬಡಿದ ಸದ್ದು, ಪೀಪಿಯ ಸದ್ದು, ಧಡಧಡ ಓಡಾಟ. ಉತ್ತರಾಯಣದ ದಿನ ವಡೋದರಾದಲ್ಲಿ ಮನೆಯೊಳಗೆ ಉಳಿಯುವವರೆಂದರೆ ಹಾಸಿಗೆ ಹಿಡಿದವರು, ಬಿಟ್ಟರೆ ಹಯವದನರಾಯರ ಮಗಳು. ಪ್ರತಾಪನಗರದ ರೈಲ್ವೆ ಕಾಲನಿಯ ಆ ಗೇಣಗಲ ಕೋಣೆಯ ಕಿಟಕಿಯನ್ನೂ ಮುಚ್ಚಿಸಿದ್ದರು ಮಹಾರಾಯರು, ಮಗಳ ಕಣ್ಣು ಆಕಾಶಕ್ಕೆ ಹೋದೀತೆಂದು. ಟೀವಿಯ ಕೇಬಲ್ ಅಂತೂ ದೀಪಾವಳಿಗೇ ಹೋಗಿತ್ತು.

"ಎರಡು," ಎಂದಳು.

"ಹಾಂ, ಹಂಗ ಬಾ ದಾರಿಗೆ. ಆಮ್ಯಾಲೆ?"

"ಮೂರು. ನಾಲ್ಕು. ಐದು."

ರಾಯರು ಸಂತೋಷದಿಂದ ತಲೆದೂಗಿದರು.

ಇಮ್ಯುನಾಲಜಿ ಎಂಬ ಆ ಒಂದು ವಿಷಯ ಬಿಟ್ಟರೆ ಅವಳ ಬಿ.ಎಸ್ಸಿ. ಎಂದೋ ಮುಗಿದಿತ್ತು. ಕಳೆದ ಏಪ್ರಿಲ್‌ನಲ್ಲಿ ಬಾಯಿಪರೀಕ್ಷೆಯಲ್ಲಿ ನಪಾಸಾಗಿದ್ದಳು. ನಾಡಿದ್ದು ಮತ್ತೆ ಅದೇ ಪರೀಕ್ಷೆ, ಇದೇ ಕೊನೆಯ ಅವಕಾಶ. ಮಾರ್ಚ್‌ನಲ್ಲಿ ಅಪ್ಪನ ನಿವೃತ್ತಿ, ಆಮೇಲೆ ಕ್ವಾರ್ಟರ್ಸ್ ಖಾಲಿ ಮಾಡಿ ಎಲ್ಲರೂ ಹುಬ್ಬಳ್ಳಿಗೆ. ಪಾಸಾದರೆ ಅವಳೊಬ್ಬಳು ಇಲ್ಲೇ ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಮಾಡಬಹುದು, ಅದಕ್ಕೆ ಅಪ್ಪನೇ ಹೂಂ ಎಂದಿದ್ದರು. ಆಗದಿದ್ದರೆ ಅವಳೂ ಹುಬ್ಬಳ್ಳಿ ಗಾಡಿ ಹತ್ತಬೇಕು, ಅರ್ಧ ಓದಿನ ಹುಡುಗಿಯಾಗಿ, ಸೋದರತ್ತೆ ತೋರಿಸಿದ ಗಂಡಿನ ಮುಂದೆ ಕೂರಲು.

ಅಪ್ಪ ಕಲಿತದ್ದೆಲ್ಲ ಬಾಯಿಪಾಠ. ಸಹಸ್ರನಾಮವನ್ನು ಅಜ್ಜ ಪುಸ್ತಕ ಹಿಡಿದು ಹೇಳಿಸಿದ್ದರಂತೆ. ಪುಸ್ತಕ ಹಿಡಿದವರಿಗೆ ಅರ್ಥ ಗೊತ್ತಿರಬೇಕೆಂದಿಲ್ಲ, ತಪ್ಪು ಹಿಡಿಯಲು ಬಂದರೆ ಸಾಕು. ತಪ್ಪು ಹಿಡಿಯುವುದರಲ್ಲಿ ರಾಯರನ್ನು ಮೀರಿಸುವವರು ಯಾರು? ರೈಲ್ವೆ ಕಚೇರಿಯಲ್ಲಿ ವೇಳಾಪಟ್ಟಿಯ ಪ್ರೂಫು ತಿದ್ದುತ್ತಲೇ ತಲೆ ಹಣ್ಣು ಮಾಡಿಕೊಂಡವರು ಅವರು. ಹಾಗಾಗಿ ಕಳೆದ ವರ್ಷ ಮಗಳ ನೋಟ್ಸಿನಲ್ಲಿ ಒಂದಾದ ಮೇಲೆ ನಾಲ್ಕು, ನಾಲ್ಕಾದ ಮೇಲೆ ಎರಡು ಎಂದು ಕಂಡಾಗ ಅವರ ಕೈಯಲ್ಲಿ ಕೆಂಪು ಪೆನ್ನು ತಾನಾಗಿಯೇ ಎದ್ದಿತ್ತು.

"ಟೈಪ್ ಮಾಡಿದವ ಅಗಸರ ಕತ್ತಿ ಇದ್ದಾನ. ಭರೂಚ್ ಸ್ಟೇಶನ್ ದಾಟದ ಅಂಕಲೇಶ್ವರ ಸ್ಟೇಶನ್ ಹೆಂಗ ಬರ್ತದ?"

"ಅಪ್ಪಾ, ಅದು ಹಾಗೇನೇ..." ಎಂದಿದ್ದಳು ವಿಂಧ್ಯಾ.

"ಎದುರು ಮಾತಾಡಬ್ಯಾಡ. ಹೇಳು, ಒಂದು, ಎರಡು..."

ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳಿವೆ. ರೋಗಾಣು ಕಂಡರೆ ಒಂದು ಇನ್ನೊಂದನ್ನು ಎಬ್ಬಿಸುತ್ತ ಹೋಗಿ ಕೊನೆಗೆ ಅದರ ಮೈಗೆ ತೂತು ಕೊರೆಯುತ್ತವೆ. ಅವಕ್ಕೆ ಹೆಸರೆಂದರೆ ನಂಬರುಗಳೇ, ಆದರೆ ಒಂದನೇ ನಂಬರಿನದು ಎಬ್ಬಿಸುವುದು ನಾಲ್ಕನೆಯದನ್ನೇ. ವಿಂಧ್ಯಾಳಿಗೆ ಇದು ತಿಳಿಯದ್ದಲ್ಲ. ಅಪ್ಪನೊಡನೆ ಜಗಳವೇಕೆಂದು ಮನೆಯಲ್ಲಿ ಅಪ್ಪನ ಪಾಠ, ಮನಸ್ಸಿನಲ್ಲಿ ತನ್ನ ಪಾಠ ಎಂದುಕೊಂಡಳು. ನಾಲಿಗೆಗೆ ಎರಡು ಮನೆ ಇರುತ್ತದೆಯೇ? ಪರೀಕ್ಷಕರ ಮುಂದೆ ಅದು ಅಪ್ಪನ ದಾರಿಯನ್ನೇ ಹಿಡಿಯಿತು. ಇನ್ನೊಮ್ಮೆ ಹೇಳು ಎಂದರು. ಹೆದರಿಕೆಗೆ ಇನ್ನೊಮ್ಮೆ ಅದನ್ನೇ ಹೇಳಿದಳು.

"ಆ ಕೋಣೇ ಶೀಖವಾಡ್ಯುಂ?" ಯಾರು ಕಲಿಸಿದ್ದು ಇದನ್ನು ಎಂದು ಅವರು ಕೇಳಿದಾಗ ಅವಳು ನೆಲ ನೋಡಿದಳು.

ಮನೆಯಲ್ಲಿ ಪ್ರಶ್ನೆ ಕಷ್ಟವಿತ್ತು ಎಂದಷ್ಟೇ ಹೇಳಿದ್ದಳು. ಪಾಪ, ಅಪ್ಪ ತನ್ನ ಪಾಠ ಸಾಲಲಿಲ್ಲವೆಂದುಕೊಂಡು ಈ ಸಲ ರಜೆ ಹಾಕಿ ಕೂತುಬಿಟ್ಟರು. ಅಂದಿನಿಂದ ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಬಾಗಿಲು ತಳ್ಳಿಕೊಂಡು ಅಮ್ಮ ಇಂದಿರಾ ಒಳಬಂದರು, ಕೈಯಲ್ಲಿ ಬಟ್ಟಲು. "ಹಬ್ಬದ ದಿನಾನೂ ಕೂಸಿನ್ನ ಜೇಲಿನಾಗ ಇಟ್ಟೀರಲ್ರೀ. ತಗೊ ವಿಂಧ್ಯಾ, ಎಳ್ಳು ಬೆಲ್ಲ ತಿಂದು ಒಳ್ಳೊಳ್ಳೆ ಮಾತಾಡು."

"ಮಾತು ನಾಡಿದ್ದು ಆಡ್ತಾಳ. ಮೊದಲಿಂದ ಹೇಳವಾ. ಒಂದಾದ ಮ್ಯಾಲೆ?"

ಬಾಯಲ್ಲಿ ಎಳ್ಳು ಬೆಲ್ಲ ಇತ್ತು. ಅಗಿದು ನುಂಗಿದಳು. "ನಾಲ್ಕು," ಎಂದಳು.

"ಏನಂದಿ?"

"ನಾಲ್ಕು. ಆಮೇಲೆ ಎರಡು, ಆಮೇಲೆ ಮೂರು. ಅದು ಪ್ರಿಂಟಿಂಗ್ ಮಿಸ್ಟೇಕ್ ಅಲ್ಲ ಅಪ್ಪಾ. ಸೈಂಟಿಸ್ಟ್‌ಗಳು ಯಾವುದು ಮೊದಲು ಕಂಡಿತೋ ಅದಕ್ಕೆ ಮೊದಲು ನಂಬರ್ ಕೊಟ್ಟರು. ಅವು ಕೆಲಸ ಮಾಡೋ ಆರ್ಡರ್ ಬೇರೆ."

"ಮತ್ತ ಹ್ವಾದ ವರ್ಷ ಯಾಕ ಹೇಳಲಿಲ್ಲ?"

"ಹೇಳಿದೆ. ನೀವು ಕೇಳಲಿಲ್ಲ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ವೈವಾದಲ್ಲಿ ನೀವು ಹೇಳಿಸಿದ್ದೇ ಬಾಯಿಗೆ ಬಂತು. ಅದಕ್ಕೇ ಫೇಲ್ ಆದೆ, ಅಪ್ಪಾ."

ರಾಯರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ತಮ್ಮ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿದರು. ಕಿವಿ ಕೆಂಪಾಗಿತ್ತು. ಹಾಳೆಯನ್ನು ಅವಳ ತೊಡೆಯ ಮೇಲಿಟ್ಟು, ಪಡಸಾಲೆಗೆ ನಡೆದು ಬಾಗಿಲೆಳೆದುಕೊಂಡರು. ಇಂದಿರಾ ಮಗಳ ತಲೆ ಸವರಿ ಅವರ ಹಿಂದೆ ಹೋದರು.

ವಿಂಧ್ಯಾ ಒಬ್ಬಳೇ ಉಳಿದಳು. ಹೇಳಿಬಿಟ್ಟರೆ ಎದೆ ಹಗುರಾದೀತು ಎಂದು ಇಷ್ಟು ತಿಂಗಳಿಂದ ಅಂದುಕೊಂಡಿದ್ದಳು. ಎಲ್ಲಿಯ ಹಗುರ! ಅಪ್ಪನ ಮುಖ ಕಣ್ಣೆದುರಿಗೆ ನಿಂತುಬಿಟ್ಟಿತು. ಕಿಟಕಿ ತೆಗೆಯಬೇಡ ಎನ್ನುವವರು ಈಗ ಯಾರೂ ಇರಲಿಲ್ಲ, ಆದರೂ ಅವಳು ಏಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಾಗಿಲಾಚೆಯಿಂದ ಗೊಣಗು ಕೇಳಿಸಿತು. ಪಡಸಾಲೆಯ ಕುರ್ಚಿಯಲ್ಲಿ ಕೂತು ಹಯವದನರಾಯರು ಜಪದ ಧಾಟಿಯಲ್ಲಿ ಹೇಳಿಕೊಳ್ಳುತ್ತಿದ್ದರು. "ಒಂದು, ನಾಲ್ಕು, ಎರಡು, ಮೂರು, ಐದು. ಒಂದು, ನಾಲ್ಕು... ಒಂದು, ಎರಡು..." ನಿಂತಿತು. ಲೊಚಗುಟ್ಟಿದ ಸದ್ದು. ಮತ್ತೆ, "ಒಂದು, ಎರಡು..."

"ನಾಲ್ಕು, ಅಪ್ಪಾ," ಎಂದಳು ವಿಂಧ್ಯಾ ಒಳಗಿನಿಂದ.

ಆಚೆ ಕುರ್ಚಿ ಕಿರುಗುಟ್ಟಿತು. "ಹೂಂ, ನಾಲ್ಕು. ತಡಿ, ಮೊದಲಿಂದ ಹೇಳ್ತೇನಿ. ತಪ್ಪಿದ್ರ ಹೇಳು."

ವಿಂಧ್ಯಾ ಎದ್ದು ಬಂದು, ಹಾಳೆ ಹಿಡಿದು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.