ಅಗೆಲಿನ ದಿನದ ಮುಲಾಮು

ಮಹಾಬಲ ಶೆಟ್ಟರಿಗೆ ಎದೆನೋವು. ನೋವು ಬಂದಾಗ ನಾಲಗೆಯ ಅಡಿಗೆ ಸಣ್ಣದೊಂದು ಗುಳಿಗೆ ಇಟ್ಟುಕೊಂಡರೆ ಇಳಿಯುತ್ತಿತ್ತು. ಆದರೆ ಹೆಂಡತಿ ಕುಶಲಾ ತೀರಿಹೋಗಿ ವರ್ಷ ತುಂಬುತ್ತಿತ್ತು. ಸತ್ತವರಿಗೆ ಎಲೆ ಹಾಕಿ ಅಗೆಲು, ಎಂದರೆ ಅವರ ಪಾಲಿನ ಊಟ, ಬಡಿಸುವವನು ಅಂದು ಬೆಳಗಿನಿಂದ ಬಾಯಿಗೆ ಏನನ್ನೂ ಇಡಬಾರದು. ಅದು ಆ ಮನೆಯ ಕಟ್ಟು. ಭಾವಮೈದ ಬಡಿಸುತ್ತೇನೆಂದ. ಕುಶಲಾಳ ಮೊದಲ ಎಲೆಗೆ ಬೇರೆಯವರ ಕೈ ಬೀಳುವುದು ಶೆಟ್ಟರಿಗೆ ಸಹಿಸಲಾಗಲಿಲ್ಲ.

"ಇಡೀ ದಿನ ಗುಳಿಗೆ ಬಿಡ್ತೀರಾ ಶೆಟ್ರೇ? ಹಾಗಾದ್ರೆ ಸಂಜೆಗೆ ಎರಡು ಎಲೆ ಹಾಕ್ಲಿಕ್ಕೆ ಹೇಳಿ," ಎಂದರು ಕಂಕನಾಡಿಯ ಡಾಕ್ಟರ್ ಇಸಿದೋರ್.

ಹಾಗೆಂದವರೇ ಮೇಜಿನಿಂದ ಒಂದು ಟ್ಯೂಬು ತೆಗೆದರು. ಎಪ್ಪತ್ತೆಂಟನೆಯ ಇಸವಿಯಲ್ಲಿ ಅಂಥದ್ದನ್ನು ಊರಲ್ಲಿ ಕಂಡವರು ಕಡಿಮೆ. "ಅದೇ ಮದ್ದು, ಮುಲಾಮು ಮಾಡಿದ್ದಾರೆ. ಈ ಕಾಗದದಲ್ಲಿ ಗೆರೆ ಉಂಟಲ್ಲ, ಅಷ್ಟುದ್ದ ಹಿಂಡಿ ಎದೆಗೆ ಅಂಟಿಸಿ. ಚರ್ಮದಿಂದಲೇ ರಕ್ತಕ್ಕೆ ಹೋಗ್ತದೆ. ಕೈಯಲ್ಲಿ ಮುಟ್ಟಬೇಡಿ."

"ಚರ್ಮದಿಂದ ಒಳಗೆ ಹೋಗುವುದಾದ್ರೆ ನಮ್ಮ ಮಳೆಗೆ ನಾವೆಲ್ಲ ಆಟಿ ತಿಂಗಳಲ್ಲಿ ಪೀಪಾಯಿ ಆಗ್ತಿದ್ದೆವಲ್ಲ ಮಾರಾಯ್ರೆ?"

"ನೀರಿಗೆ ಚರ್ಮ ಬಾಗಿಲು ತೆಗೆಯುವುದಿಲ್ಲ. ಜಿಡ್ಡಿನಲ್ಲಿ ಕರಗುವ ಕೆಲವು ಮದ್ದಿಗೆ ತೆಗೆಯುತ್ತದೆ."

ಶೆಟ್ಟರು ಅರ್ಧ ನಂಬಿ ಮನೆಗೆ ಬಂದರು. ಮಗಳು ವಿನೋದಾಳಿಗೆ ಕಾಗದದ ಮಾತು ಹೇಳಿದರು, ಕೈಯ ಮಾತು ಮರೆತರು. ಅಗೆಲಿನ ದಿನ ಬೆಳಿಗ್ಗೆ ಅವಳು ಮುಲಾಮನ್ನು ಗೆರೆಯಷ್ಟು ಹಿಂಡಿ, ಬೆರಳಿನಿಂದ ಸವರಿ, ಕಾಗದವನ್ನು ತಂದೆಯ ಎದೆಗೆ ಅಂಟಿಸಿದಳು. ಬೆರಳಲ್ಲಿ ಉಳಿದದ್ದನ್ನು, ದೇವರ ಗಂಧ ಮಿಕ್ಕಾಗ ಮಾಡುವ ಹಾಗೆ, ತನ್ನ ಕುತ್ತಿಗೆಗೂ ತೋಳಿಗೂ ಹಚ್ಚಿಕೊಂಡಳು. ಗಂಧವನ್ನು ಬಟ್ಟೆಗೆ ಒರೆಸಿ ಗೊತ್ತಿರದ ಕೈ ಅದು.

ತೆಂಗಿನಕಾಯಿ ತುರಿಯಲು ಕೂತವಳು ಸ್ವಲ್ಪ ಹೊತ್ತಿಗೆ ತಲೆ ಹಿಡಿದುಕೊಂಡಳು. ಮುಖ ಕೆಂಪೇರಿತ್ತು.

"ಅಪ್ಪ, ತಲೆ ಸಿಡೀತದೆ."

"ನನಗೂ ಹಾಗೇ ಉಂಟು ಮಗಾ!"

ಶೆಟ್ಟರು ಡಾಕ್ಟರಿಗೆ ಫೋನು ಮಾಡಿದರು. "ಅವಳು ಮುಲಾಮು ಮುಟ್ಟಿದಳಾ?" ಎಂದು ಆ ಕಡೆಯಿಂದ ಪ್ರಶ್ನೆ. "ಸೋಪು ಹಾಕಿ ತೊಳೆದು ಮಲಗಲಿಕ್ಕೆ ಹೇಳಿ. ಆ ಮದ್ದಿನ ಗುಣವೇ ಅದು. ನಿಮ್ಮದನ್ನು ತೆಗೀಬೇಡಿ."

ಫೋನು ಇಟ್ಟಾಗ ಶೆಟ್ಟರ ಮುಖದಲ್ಲಿ ಮಗುವಿನ ಬೆರಗು. "ಹೋಗ್ತದೆ ಮಾರಾಯ್ತಿ, ಒಳಗೆ ಹೋಗ್ತದೆ!" ಎಂದರು. ಮರುಗಳಿಗೆಯಲ್ಲೇ ಆ ಮುಖ ಬಾಡಿತು. ಒಳಗೆ ಹೋಯಿತೆಂದರೆ ಉಪವಾಸ ಮುರಿಯಿತಲ್ಲ? ಕೈ ಕಾಗದದ ಅಂಚಿಗೆ ಹೋಯಿತು, ಕಿತ್ತು ಬಿಡಲು.

ಒಳಗಿನಿಂದ ಅವರ ಅಕ್ಕ ಕಿನ್ನಿಯಕ್ಕ ಬಂದರು. ಆ ಮನೆಯ ಕಟ್ಟುಕಟ್ಟಳೆಗೆಲ್ಲ ಅವರದೇ ಕೊನೆಯ ಮಾತು.

"ಎಂತ ಮಾಡ್ತೀಯಾ? ವಿನೋದಾ, ನೀನೂ ಉಪವಾಸ ಅಲ್ವಾ? ಮದ್ದು ಒಳಗೆ ಹೋದ ಮೇಲೆ ಹಸಿವು ಹೋಯ್ತಾ?"

"ಎಲ್ಲಿ ಹೋಗ್ತದೆ ದೊಡ್ಡತ್ತೆ? ಹೊಟ್ಟೆ ಚುರುಗುಟ್ಟುತ್ತದೆ, ಮೇಲಿಂದ ಈ ತಲೆ."

"ಕೇಳಿದೆಯಾ ಮಹಾಬಲ? ನಾವು ಹೋದವರಿಗೆ ಇಡುವುದು ನಮ್ಮ ಹಸಿವನ್ನು. ಅದು ಇದ್ದಲ್ಲೇ ಉಂಟು. ಕೈ ತೆಗಿ."

ಶೆಟ್ಟರು ಕೈ ತೆಗೆದರು.

ಮುಸ್ಸಂಜೆ ತಾವೇ ಎಲೆ ಹಾಸಿ, ಕೋರಿರೊಟ್ಟಿ, ಬಂಗುಡೆ ಸಾರು, ಕುಶಲಾ ಇಷ್ಟಪಡುತ್ತಿದ್ದ ಹೆಸರುಬೇಳೆ ಪಾಯಸ ಬಡಿಸಿ, ಕೈಮುಗಿದು ಹೊರಬಂದು, ಅವಳು ಉಣ್ಣಲೆಂದು ಬಾಗಿಲು ಎಳೆದುಕೊಂಡರು. ಎದೆ ಒಮ್ಮೆಯೂ ಹಿಡಿದಿರಲಿಲ್ಲ. ಒಳಗೆ ಸದ್ದಿಲ್ಲ. ಬಾಯಿಯಿಲ್ಲದವಳು ಹೇಗೆ ಉಣ್ಣುತ್ತಾಳೆ ಎಂದು ಆ ವರ್ಷವಿಡೀ ಅವರು ದೇವರನ್ನು ಕೇಳಿದ್ದರು. ಈಗ ಕೇಳಲಿಲ್ಲ. ಅವಳಿಗೆ ಅವಸರವಾಗದ ಹಾಗೆ ಬಾಗಿಲ ಹೊರಗೆ ನಿಂತರು.