ಮೇಷ್ಟ್ರ ನೀಲಿ ಬೆಲ್ಟು

ಅರವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಪರದೇಶಕ್ಕೆ ಹೊರಡುವವರು ಸೂಟ್‌ಕೇಸಿನಲ್ಲಿ ಏನು ಇಟ್ಟುಕೊಳ್ಳುತ್ತಾರೆ? ಒಂದು ಸ್ವೆಟರು, ಮಂಡಿನೋವಿನ ಮುಲಾಮು, ಹೆಚ್ಚೆಂದರೆ ಇನ್ನೊಂದು ಕನ್ನಡಕ. ನಮ್ಮ ಗಣಿತದ ಮೇಷ್ಟ್ರು ಇಟ್ಟುಕೊಂಡದ್ದು ಕುಸ್ತಿಯ ಅಂಗಿ. ಅಂಗಿ ಅಂದರೆ ಅಂತಿಂಥ ಅಂಗಿಯಲ್ಲ, ಗೋಣಿಚೀಲದಷ್ಟು ದಪ್ಪ. ಜೊತೆಗೆ ಅದರ ಪ್ಯಾಂಟು, ಅದರ ಮೇಲೆ ಜೋಪಾನವಾಗಿ ಸುತ್ತಿಟ್ಟ ನೀಲಿ ಬೆಲ್ಟು. ಎಲ್ಲ ಸೇರಿ ಎರಡೂಕಾಲು ಕಿಲೊ. ಅಷ್ಟಕ್ಕೆ ಜಾಗ ಮಾಡಲು, ಅವರ ಹೆಂಡತಿ ತಂಗಿಗೆಂದು ತೆಗೆದಿಟ್ಟಿದ್ದ ಎರಡು ಹೊದಿಕೆಗಳು ಹೊರಗೆ ಬಂದವು.

"ತಂಗಿ ಮಂಡಿ ಆಪರೇಷನ್ ಆಗಿ ಮಲಗಿದಾಳೆ, ನೋಡ್ಕೊಳ್ಳೋಕೆ ಹೋಗ್ತಿದೀವಿ," ಎಂದರು ಆಕೆ. "ನೀವು ಅಲ್ಲಿ ಯಾರ ಮೇಲೆ ಬೀಳೋಕೆ ಹೊರಟಿದೀರಿ?"

"ನೀಲಿ ಆದ್ಮೇಲೆ ನೇರಳೆ. ವಾಪಸ್ ಬಂದ ವಾರಾನೇ ಆ ಬೆಲ್ಟು ಕೊಡ್ತಾರೆ ಕಣೆ. ಮೂರು ವಾರ ಸುಮ್ನೆ ಕೂತ್ರೆ ಮೈ ಜಡ ಹಿಡಿಯತ್ತೆ."

"ಹಾಳೂರಿಗೆ ಉಳಿದವನೇ ಗೌಡ," ಎಂದು ಆಕೆ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದರು.

ಈ ಬೆಲ್ಟಿನ ಹುಚ್ಚು ಹತ್ತಿ ನಾಲ್ಕು ವರ್ಷವಾಗಿತ್ತು. ಡಾಕ್ಟರು ಸಕ್ಕರೆ ಕಾಯಿಲೆ ಅಂದರು, ಮೈ ಬಗ್ಗಿಸಿ ಅಂದರು. ಮೇಷ್ಟ್ರಿಗೆ ವಾಕಿಂಗು ಅಂದರೆ ಬೇಸರ. ಅದೇ ಸಮಯಕ್ಕೆ ಅವರ ಹಳೆಯ ಶಿಷ್ಯನೊಬ್ಬ ಟೈರಿನ ಅಂಗಡಿಯ ಮಹಡಿಯ ಮೇಲೆ ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಸುವ ಜಿಮ್ ತೆರೆದ. ಹೆಸರು ಕೇಳಿ ಯಾರೂ ಹೆದರಬೇಕಾಗಿಲ್ಲ. ಅಂಗಿ ಹಿಡಿದು ಎಳೆದಾಡಿ, ನೆಲಕ್ಕೆ ಕೆಡವಿ, ಎದುರಿನವನ ಕತ್ತನ್ನೋ ಕೈಯನ್ನೋ ಪಟ್ಟಿನಲ್ಲಿ ಸಿಕ್ಕಿಸುವ ಕುಸ್ತಿ ಅದು. ಸಿಕ್ಕಿಕೊಂಡವನು ಎರಡು ಸಲ ತಟ್ಟಿದರೆ ಸೋತೆ ಎಂದರ್ಥ, ಹಿಡಿದವನು ಆ ಕ್ಷಣವೇ ಬಿಡಬೇಕು. ಅಷ್ಟೇ. ಶಿಷ್ಯ ಏನು ಮಾಡಿಕೊಂಡಿದ್ದಾನೆಂದು ತಪಾಸಣೆ ಮಾಡಲು ಹೋದ ಮೇಷ್ಟ್ರು ಅಲ್ಲೇ ನಿಂತುಬಿಟ್ಟರು.

ಆ ಮಹಡಿಯಲ್ಲಿ ಹೊರಳಾಡುತ್ತಿದ್ದವರೆಲ್ಲ ಅವರ ಶಿಷ್ಯರೇ. ಕೋಚ್, ಎಲೆಕ್ಟ್ರಿಷಿಯನ್, ಔಷಧಿ ಅಂಗಡಿಯವನು, ಲಾರಿ ಡ್ರೈವರ್, ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಇವರ ಕ್ಲಾಸಿನಲ್ಲಿ ಕೂತೆದ್ದವರು. ಮೇಷ್ಟ್ರ ಪಟ್ಟು ಒಂದೇ. ಬಲಗೈಯಲ್ಲಿ ಎದುರಿನವನ ಕಾಲರ್ ಹಿಡಿಯುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಆಮೇಲೆ ಕೆಡವುವುದು. ತೊಂಬತ್ತು ಕಿಲೊ ತೂಗುವ ಲಾರಿ ಡ್ರೈವರ್ ಕೂಡ ಅರ್ಧ ನಿಮಿಷದಲ್ಲಿ ಮಗುಚಿಕೊಂಡು ತಟ್ಟುತ್ತಿದ್ದ. ನಾಲ್ಕು ವರ್ಷದಲ್ಲಿ ಮೇಷ್ಟ್ರು ಒಂದೇ ಒಂದು ಸಲವೂ ತಟ್ಟಿರಲಿಲ್ಲ. ಗಣಿತ ಬಿಟ್ಟರೆ ಬದುಕಿನಲ್ಲಿ ತಾವೇ ಸಂಪಾದಿಸಿದ್ದು ಇದೊಂದೇ ಎಂಬ ಹೆಮ್ಮೆ ಅವರಿಗೆ. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆ ಏನೂ ಇರಲಿಲ್ಲ, ಹೇಳಿಕೊಂಡೇ ಇದ್ದರು.

ನಾದಿನಿಯ ಊರಿಗೆ ಬಂದಿಳಿದ ಮೂರನೇ ದಿನ ಷಡ್ಡಕ ಅವರನ್ನು ಅಲ್ಲಿನ ಜಿಮ್ಮಿಗೆ ಕರೆದುಕೊಂಡು ಹೋದ. ಷಡ್ಡಕ ಲಿಫ್ಟು ರಿಪೇರಿ ಮಾಡುವವನು, ಊರಿನ ಕಟ್ಟಡಗಳೆಲ್ಲ ಅವನಿಗೆ ಗೊತ್ತು. ಬಟ್ಟೆ ಒಗೆಯುವ ಅಂಗಡಿಯ ಹಿಂದೆ ತಗ್ಗು ಚಾವಣಿಯ ಉದ್ದನೆಯ ಕೋಣೆ. ನೆಲಕ್ಕೆಲ್ಲ ಬೂದುಬಣ್ಣದ ಮ್ಯಾಟು, ಫಿನಾಯಿಲು ಮತ್ತು ಬೆವರಿನ ವಾಸನೆ, ಗೋಡೆಯ ಮೇಲೆ ಕೆಂಪು ಅಂಕಿಗಳ ಗಡಿಯಾರ. ಅಲ್ಲಿನ ಕೋಚ್ ಕುಳ್ಳ ಮನುಷ್ಯ, ಹಿಸುಕಿದ ಹಿಟ್ಟಿನುಂಡೆಯಂಥ ಕಿವಿ. ಮೇಷ್ಟ್ರ ನೀಲಿ ಬೆಲ್ಟು ನೋಡಿ ಸಂತೋಷದಿಂದ ಕೈಕುಲುಕಿ, ಮೊದಲ ಸುತ್ತಿಗೆ ಒಬ್ಬ ಅಂಚೆಯಾಕೆಯ ಜೊತೆ ಕೂರಿಸಿದ. ಆಕೆಗೆ ಐವತ್ತರ ಆಸುಪಾಸು, ಕಡ್ಡಿಯಂಥ ಮೈ. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಬಂದು ಎದುರಿಗೆ ಕೂತಳು.

ಮೇಷ್ಟ್ರಿಗೆ ಪಾಪ ಅನ್ನಿಸಿತು. ಹೆಂಗಸು, ಇಡೀ ದಿನ ಕಾಗದ ಹಂಚಿ ದಣಿದಿರುತ್ತಾಳೆ, ಮೆಲ್ಲಗೆ ಕೆಡವೋಣ ಅಂದುಕೊಂಡು ಕಾಲರ್ ಹಿಡಿದರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

ಆಕೆಯೂ ನೋಡಿದಳು. ಮುಗುಳ್ನಕ್ಕಳು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಆ ನೋಟಕ್ಕೆ ಯಾರೂ ನಕ್ಕಿರಲಿಲ್ಲ, ಮೇಷ್ಟ್ರು ಗಲಿಬಿಲಿಗೊಂಡರು. ಅಷ್ಟರಲ್ಲಿ ಚಾವಣಿ ಕೆಳಗೆ, ನೆಲ ಮೇಲೆ. ಆಕೆಯ ಕೈ ಅವರ ಕತ್ತಿಗೆ ಸುತ್ತಿಕೊಂಡಿತ್ತು, ಕಣ್ಣು ಕತ್ತಲೆಗಟ್ಟಿತು. ಈಗ ತಟ್ಟಬೇಕು. ತಟ್ಟುವುದನ್ನು ನೂರಾರು ಸಲ ಕಂಡಿದ್ದರು, ಒಮ್ಮೆಯೂ ಮಾಡಿರಲಿಲ್ಲ. ಗಾಬರಿಯಲ್ಲಿ ಮೇಷ್ಟ್ರು ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿದರು, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗ ಎತ್ತುವ ಹಾಗೆ. ಆಕೆಗೆ ಅದು ಯಾವ ಹೊಸ ಪಟ್ಟೋ ತಿಳಿಯದೆ ಇನ್ನಷ್ಟು ಬಿಗಿದಳು. ಕೋಚ್ ಓಡಿ ಬಂದು ಬಿಡಿಸಿದ.

ಆಮೇಲೆ ಕಟ್ಟುಹಲ್ಲು ಮಾಡುವವನು. ಅವನ ನಂತರ ಕಾಲೇಜಿನ ಹುಡುಗಿ, ಅವಳ ನಂತರ ಅಂಚೆಯಾಕೆಯ ಗಂಡ. ಆರಾರು ನಿಮಿಷದ ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಮೇಷ್ಟ್ರು ತಟ್ಟುವುದನ್ನು ಚೆನ್ನಾಗಿ ಕಲಿತಿದ್ದರು. ಹನ್ನೊಂದು ಸಲ. ಲೆಕ್ಕದ ಮೇಷ್ಟ್ರು, ಎಣಿಸದೆ ಇರಲಾರರು. ಷಡ್ಡಕ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಎಲ್ಲವನ್ನೂ ಭಕ್ತಿಯಿಂದ ಚಿತ್ರೀಕರಿಸಿ, ಮನೆಯವರ ಗ್ರೂಪಿಗೆ ಕಳಿಸಿಯೂ ಆಗಿತ್ತು.

"ಅಣ್ಣ, ಅದು ಯಾವ ತಂತ್ರ, ಆ ಕೈಯೆತ್ತೋದು?" ಎಂದ ಹಿಂತಿರುಗುವಾಗ. ಮೇಷ್ಟ್ರು ಇಂಗು ತಿಂದ ಮಂಗನಂತೆ ಕಿಟಕಿಯಾಚೆ ನೋಡುತ್ತ ಕೂತರು.

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದರು. ತಂಗಿಯ ಕಾಲಿನ ಕೆಳಗೆ ದಿಂಬು ಸರಿಮಾಡುತ್ತ, ತಲೆಯೆತ್ತದೆ ಹೇಳಿದರು, "ಕೆಳಗೆ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣ ಅಂದ್ರೆ ನಿಮಗೆ ಮೀಸೆನೂ ಇಲ್ಲ." ನಾದಿನಿ ನಕ್ಕು ನಕ್ಕು ಮಂಡಿ ನೋವೆಂದು ಅತ್ತಳು.

"ಮ್ಯಾಟು ಜಾರತ್ತೆ. ಪ್ರಯಾಣದ ಆಯಾಸ ಬೇರೆ," ಎಂದರು ಮೇಷ್ಟ್ರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮರುದಿನ ಆಯಾಸವಿರಲಿಲ್ಲ. ಒಂಬತ್ತು ಸಲ ತಟ್ಟಿದರು. ಅದರ ಮರುದಿನ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಮ್ಯಾಟಿನ ಒಣ ಮೂಲೆ ಹುಡುಕಿ ಕೂತರು. ಹತ್ತು ಸಲ. ಆ ಸಂಜೆ ಮೇಷ್ಟ್ರು ನಾದಿನಿಯ ಮನೆಯ ಊಟದ ಮೇಜಿನ ಮೇಲೆ ಹಾಳೆ ಹರಡಿ ಲೆಕ್ಕ ಹಾಕಿದರು. ಅಲ್ಲಿ ನಾಲ್ಕು ವರ್ಷ, ವಾರಕ್ಕೆ ಮೂರು ದಿನ, ಸೋಲು ಸೊನ್ನೆ. ಇಲ್ಲಿ ಮೂರು ದಿನ, ಗೆಲುವು ಸೊನ್ನೆ. ಜಾರುವ ಮ್ಯಾಟು, ನೀರಿನ ವ್ಯತ್ಯಾಸ, ವಯಸ್ಸು, ಒಂದೊಂದನ್ನೇ ಹೊಡೆದುಹಾಕುತ್ತ ಬಂದರೆ ಕೊನೆಗೆ ಒಂದೇ ಉತ್ತರ ಉಳಿಯಿತು. ಊರಿನ ಪಡ್ಡೆ ಹುಡುಗರು ಬೇಕೆಂದೇ ಸೋಲುತ್ತಿದ್ದಾರೆ. ಮುದುಕ ಸಂತೋಷವಾಗಿರಲಿ ಎಂದು ಆಟಿಕೆ ಕೊಟ್ಟು ಕೂರಿಸಿದ್ದಾರೆ. ಮೇಷ್ಟ್ರ ಕಿವಿ ಬಿಸಿಯಾಯಿತು. ನೇರಳೆ ಬೆಲ್ಟಂತೆ, ನೇರಳೆ ಬೆಲ್ಟು. ಹನ್ನೊಂದು, ಒಂಬತ್ತು, ಹತ್ತು ಸಲದ ಸೋಲಿಗಿಂತ ಆ ಕರುಣೆ ಹೆಚ್ಚು ಉರಿಯಿತು.

ಮಾರನೇ ಮಧ್ಯಾಹ್ನ ವಿಡಿಯೊ ಕರೆ ಮಾಡಿದರು. ಊರಿನಲ್ಲಿ ಆಗ ಸಂಜೆ, ಜಿಮ್ಮಿನ ಸಮಯ. ಫೋನಿನಲ್ಲಿ ಮೇಷ್ಟ್ರ ಮುಖ ಕಂಡದ್ದೇ ಶಿಷ್ಯ ಕೋಚ್ ಎದ್ದು ನಿಂತ. ಅವನ ಹಿಂದೆ ಎಲೆಕ್ಟ್ರಿಷಿಯನ್ ಕೂಡ ಯಾಕೆಂದು ತಿಳಿಯದೆ ಎದ್ದು ನಿಂತ.

"ನಿಜ ಹೇಳು. ಇಷ್ಟು ವರ್ಷ ನೀವೆಲ್ಲ ನನಗೆ ಬಿಟ್ಟುಕೊಟ್ಟಿದೀರಿ ಅಲ್ವಾ?"

"ಇಲ್ಲ ಸರ್."

"ಸುಳ್ಳು ಹೇಳಬೇಡ. ಇಲ್ಲಿ ಅಂಚೆ ಹಂಚೋ ಹೆಂಗಸು ನನ್ನ ನಾಲ್ಕು ಸೆಕೆಂಡಿಗೆ ಮಲಗಿಸ್ತಾಳೆ."

"ಬಿಟ್ಟುಕೊಟ್ಟಿಲ್ಲ ಸರ್, ಸತ್ಯವಾಗ್ಲೂ." ಅವನು ಒಮ್ಮೆ ಹಿಂದೆ ತಿರುಗಿ ನೋಡಿದ. ಎಲೆಕ್ಟ್ರಿಷಿಯನ್ ಹೇಳು ಎಂಬಂತೆ ತಲೆಯಾಡಿಸಿದ. "ಬಿಟ್ಟುಕೊಡೋದಾಗಿದ್ರೆ ಎಷ್ಟೋ ವಾಸಿ ಇತ್ತು. ನೀವು ಕಾಲರ್ ಹಿಡಿದು ಹಾಗೆ ನೋಡ್ತೀರಲ್ಲ ಸರ್, ಆಗ ನಂಗೆ ಕೈಯೇ ಆಡಲ್ಲ. ಬೋರ್ಡಿನ ಹತ್ರ ಎಳ್ಕೊಂಡು ಹೋಗ್ತಿದ್ರಲ್ಲ, ಅದೇ ಕೈ. ಮೂವತ್ತೈದು ವರ್ಷ ಆಯ್ತು ನಂಗೆ, ಎರಡು ಮಕ್ಕಳಿದಾವೆ, ಆದ್ರೂ ಅಂಗೈ ಬೆವರತ್ತೆ."

ಮೇಷ್ಟ್ರು ಮೇಜಿನ ಮೇಲಿದ್ದ ತಮ್ಮ ಬಲಗೈಯನ್ನು ನೋಡಿದರು.

"ಇವ್ನು ದಿನಾ ಕರೆಂಟು ಮುಟ್ತಾನೆ ಸರ್," ಎಂದ ಕೋಚ್ ಎಲೆಕ್ಟ್ರಿಷಿಯನ್ನನ್ನು ತೋರಿಸಿ. "ನಿಮ್ಮ ಸರದಿ ಬಂದ್ರೆ ಬಾತ್‌ರೂಮಿಗೆ ಹೋಗ್ತಾನೆ. ನಾವೆಲ್ಲ ಎಷ್ಟೋ ಸಲ ಕೂತು ಮಾತಾಡಿದೀವಿ, ಇವತ್ತು ಸರ್ ಜೊತೆ ಸರಿಯಾಗಿ ಆಡೋಣ ಅಂತ. ಆಗಲ್ಲ."

"ಮತ್ತೆ ಬೆಲ್ಟು?"

"ನೀವು ಕೇಳಿದ್ರಿ. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ ಸರ್."

ಕರೆ ಮುಗಿದ ಮೇಲೆ ಮೇಷ್ಟ್ರು ಹಿಂದಿನ ಸಂಜೆಯ ಲೆಕ್ಕದ ಹಾಳೆಯನ್ನು ಮಡಚಿಟ್ಟರು. ಕರುಣೆಯಾಗಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು, ಇದಕ್ಕೇನು ಮಾಡುವುದು? ತಮ್ಮ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು ಎಂದು ಎಷ್ಟು ಜನರ ಮುಂದೆ ಹೇಳಿಕೊಂಡಿರಲಿಲ್ಲ ಅವರು. ಬೋರ್ಡಿನ ಪಕ್ಕ ನಿಂತು ತಮ್ಮನ್ನೇ ನೋಡುತ್ತಿದ್ದ ಆ ಅಗಲವಾದ ಕಣ್ಣುಗಳನ್ನು ಮೂವತ್ತೊಂದು ವರ್ಷ ಶ್ರದ್ಧೆ ಎಂದು ತಿಳಿದಿದ್ದರು.

"ನಿನಗೆ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದರು.

ಆಕೆ ಈ ಸಲ ಗೇಲಿ ಮಾಡಲಿಲ್ಲ. "ನಿಮ್ಮನ್ನ ಕಂಡ್ರೆ ನಿಮ್ಮ ಶಿಷ್ಯರು ರಸ್ತೆ ದಾಟಿ ಆ ಕಡೆಗೆ ಹೋಗ್ತಾರೆ ಕಣ್ರೀ. ಗೌರವಕ್ಕೆ ಯಾರಾದ್ರೂ ರಸ್ತೆ ದಾಟ್ತಾರಾ?"

ಮೇಷ್ಟ್ರು ಎರಡು ದಿನ ಜಿಮ್ಮಿನ ಕಡೆ ತಲೆ ಹಾಕಲಿಲ್ಲ. ನಾದಿನಿಗೆ ಪೇಪರು ಓದಿ ಹೇಳಿದರು, ಪಾತ್ರೆ ತೊಳೆದರು, ತೊಳೆದದ್ದನ್ನೇ ಮತ್ತೆ ತೊಳೆದರು. ಮೂರನೇ ದಿನ "ಪುಣ್ಯಾತ್ಮ, ಹೋಗಿ ಯಾರ ಕೈಲಾದ್ರೂ ಕತ್ತು ಹಿಸುಕಿಸ್ಕೊಂಡು ಬನ್ನಿ," ಎಂದು ಹೆಂಡತಿಯೇ ಅಂಗಿ ಮಡಚಿ ಕೈಗೆ ಕೊಟ್ಟರು. ಹೋದರು. ನೀಲಿ ಬೆಲ್ಟನ್ನು ಚೀಲದಲ್ಲೇ ಬಿಟ್ಟು, ಅಲ್ಲಿನ ಕೋಚಿನಿಂದ ಹೊಸಬರ ಬಿಳಿ ಬೆಲ್ಟು ಕೇಳಿ ಕಟ್ಟಿಕೊಂಡರು. ಕೋಚ್ ಯಾಕೆ ಎಂದು ಕೇಳಲಿಲ್ಲ.

ಉಳಿದ ಎರಡು ವಾರ ಮೇಷ್ಟ್ರು ಕಲಿತರು. ನೋಟದಿಂದ ಏನೂ ಆಗದು ಎಂದಾದ ಮೇಲೆ ಸೊಂಟ ಸರಿಸಬೇಕು, ಮೊಣಕೈ ಒಳಗಿಡಬೇಕು, ಉಸಿರಾಡಬೇಕು ಎಂಬುದೆಲ್ಲ ತಲೆಗೆ ಹತ್ತಿತು. ಅಂಚೆಯಾಕೆ ಕೆಡವಿದ ಮೇಲೆ ಎಲ್ಲಿ ತಪ್ಪಾಯಿತೆಂದು ತೋರಿಸುತ್ತಿದ್ದಳು. ಅದೇ ತಪ್ಪನ್ನು ಏಳನೇ ಸಲ ಮಾಡಿದಾಗಲೂ ಮೊದಲನೇ ಸಲದ ಹಾಗೆಯೇ ತೋರಿಸಿದಳು. ಮೇಷ್ಟ್ರಿಗೆ ಅದು ಹೇಗೆ ಸಾಧ್ಯ ಎಂದು ಆಶ್ಚರ್ಯ. ಕ್ಲಾಸಿನಲ್ಲಿ ತಮ್ಮ ತಾಳ್ಮೆ ಎರಡನೇ ಸಲಕ್ಕೇ ಮುಗಿದು ಕೈ ಹುಡುಗನ ಕಾಲರಿಗೆ ಹೋಗುತ್ತಿತ್ತು. ಹೊರಡುವ ಹಿಂದಿನ ದಿನ ಅವಳ ಪಟ್ಟಿನಿಂದ ಒಂದೇ ಒಂದು ಸಲ ಬಿಡಿಸಿಕೊಂಡರು. ಗೆಲ್ಲಲಿಲ್ಲ, ಬಿಡಿಸಿಕೊಂಡರು ಅಷ್ಟೇ. ಅವಳು ಜೋರಾಗಿ ಚಪ್ಪಾಳೆ ಹೊಡೆದಳು. ನಾಲ್ಕು ವರ್ಷದ ಗೆಲುವುಗಳಲ್ಲಿ ಇಲ್ಲದ ಖುಷಿ ಅದರಲ್ಲಿತ್ತು, ಮೇಷ್ಟ್ರು ದಾರಿಯುದ್ದಕ್ಕೂ ಷಡ್ಡಕನಿಗೆ ಅದನ್ನೇ ಹೇಳಿದರು.

ಊರಿಗೆ ಮರಳಿದ ಮೂರನೇ ದಿನ ಟೈರಿನಂಗಡಿಯ ಮಹಡಿ ಹತ್ತಿದರು. ಒಳಗೆ ಗಲಾಟೆ ಕೇಳುತ್ತಿತ್ತು, ಇವರ ತಲೆ ಬಾಗಿಲಲ್ಲಿ ಕಂಡದ್ದೇ ನಿಂತಿತು. ಕೋಚ್ ಮುಂದೆ ಬಂದ. "ಸರ್, ಫೋನಲ್ಲಿ ಏನೇನೋ ಹೇಳಿಬಿಟ್ಟೆ..."

"ಸರಿಯಾಗೇ ಹೇಳಿದೀಯ. ಬಾ, ಕೂತ್ಕೋ."

ಇಬ್ಬರೂ ಎದುರುಬದುರು ಕೂತರು. ಮೇಷ್ಟ್ರು ಕೈ ಚಾಚಲಿಲ್ಲ. ಆದರೂ ಕೋಚಿನ ಭುಜ ಗಟ್ಟಿಯಾಯಿತು, ಕಣ್ಣು ಅಗಲವಾಯಿತು. ಈಗ ಆ ಕಣ್ಣು ಏನು ಹೇಳುತ್ತಿದೆಯೆಂದು ಮೇಷ್ಟ್ರಿಗೆ ಓದಲು ಬರುತ್ತಿತ್ತು. ಹೆದರಬೇಡ ಎಂದು ಹೇಳಿ ಪ್ರಯೋಜನವಿಲ್ಲ, ಅವರ ದನಿಯಲ್ಲಿ ಅದೂ ಗದರಿದ ಹಾಗೇ ಕೇಳಿಸುತ್ತದೆ. ಎಂಥ ಪುಕ್ಕಲು ಹುಡುಗನಿಗೂ ಧೈರ್ಯ ಬರುವುದು ಯಾವಾಗ ಎಂಬುದು ಮೇಷ್ಟ್ರಾದವರಿಗೆಲ್ಲ ಗೊತ್ತಿರುವ ವಿಷಯ, ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗ.

ಅವರು ಕೂತಲ್ಲೇ ಪೂರ್ತಿ ತಿರುಗಿ, ಗೋಡೆಗೆ ಮುಖ ಮಾಡಿ, ಬೆನ್ನನ್ನು ಅವನಿಗೆ ಕೊಟ್ಟರು. ಈ ಕುಸ್ತಿಯಲ್ಲಿ ಎದುರಾಳಿಗೆ ಬೆನ್ನು ಕೊಡುವುದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ.

"ಈಗ ನಾನು ನೋಡ್ತಿಲ್ಲ. ಹಿಡಿ," ಎಂದರು.

ಏನೂ ಆಗಲಿಲ್ಲ. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು ಕೇಳುತ್ತಿತ್ತು. ಆಮೇಲೆ ಒಂದು ಕೈ ಅವರ ಭುಜದ ಮೇಲೆ ಬಂತು. ಅದು ಮೆಲ್ಲಗೆ ಕತ್ತಿನ ಸುತ್ತ ಬಂದು, ನಿಂತು, ಮತ್ತೆ ಮುಂದುವರಿಯಿತು. ಬಿಗಿಯಿತು. ಅಂಚೆಯಾಕೆಯದೆಲ್ಲ ಅದರ ಮುಂದೆ ಏನೂ ಅಲ್ಲ. ಇಷ್ಟು ಬಲ ಈ ಹುಡುಗನ ಕೈಯಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿತ್ತಲ್ಲ ಎಂದು ಮೇಷ್ಟ್ರಿಗೆ ಅನ್ನಿಸುವಷ್ಟರಲ್ಲಿ ಕಣ್ಣು ಮಂಜಾಯಿತು. ಎರಡು ಸಲ ತಟ್ಟಿದರು.

ಅವನು ತಕ್ಷಣ ಬಿಟ್ಟ. ಮುಂದೆ ಬಂದು ಮಂಡಿಯೂರಿ, ಅವರ ಮುಖವನ್ನೇ ನೋಡುತ್ತ ಕೇಳಿದ, "ನೋವಾಯ್ತಾ ಸರ್?"

ಮೇಷ್ಟ್ರು ಕತ್ತು ಸವರಿಕೊಂಡರು. ಈ ಪ್ರಶ್ನೆಯನ್ನು ಅವರು ಮೂವತ್ತೊಂದು ವರ್ಷದಲ್ಲಿ ಯಾರನ್ನೂ ಕೇಳಿರಲಿಲ್ಲ.

"ಆಯ್ತು ಕಣೋ," ಎಂದರು. "ಆಗ ನಿನಗೂ ಆಗಿತ್ತಾ?"

"ಆಗಿತ್ತು ಸರ್."

ಮೇಷ್ಟ್ರು ತಲೆಯಾಡಿಸಿದರು. ಕೋಚಿನ ಹಿಂದೆ ಎಲೆಕ್ಟ್ರಿಷಿಯನ್ ಬಂದು ನಿಂತಿದ್ದ. ಅವನ ಹಿಂದೆ ಔಷಧಿ ಅಂಗಡಿಯವನು, ಅವನ ಹಿಂದೆ ಲಾರಿ ಡ್ರೈವರ್ ಬೆಲ್ಟು ಬಿಗಿ ಮಾಡಿಕೊಳ್ಳುತ್ತಿದ್ದ. ಮೇಷ್ಟ್ರು ಒಬ್ಬೊಬ್ಬರ ಮುಖವನ್ನೂ ಒಮ್ಮೆ ನೋಡಿ, ಮತ್ತೆ ಗೋಡೆಯ ಕಡೆ ತಿರುಗಿ ಕೂತರು.