ಸುಮ್ಮನಿರುವ ವಿದ್ಯೆ

ಲೀಲಾ ಒಳಗೆ ಹೋಗಿ ನಲವತ್ತು ಮಿನಿಟಾಗಿತ್ತು. ರಾಘಣ್ಣ ಮಾಸ್ತರರು ಸಾಲಿಯ ಬೇವಿನ ಗಿಡದ ಕೆಳಗೆ ನಿಂತು, ಗಂಟೆಯ ಹಗ್ಗ ಸವೆದಿದೆಯೋ ಏನೋ ಎಂದು ಪರೀಕ್ಷೆ ಮಾಡುತ್ತಿದ್ದರು. ಹಗ್ಗ ನೆಟ್ಟಗಿತ್ತು. ಇದು ಐದನೆಯ ಸಲ ನೋಡುತ್ತಿದ್ದದ್ದು. ಕಿವಿ ಮಾತ್ರ ನಕಾಶೆಗಳನ್ನಿಡುವ ಖೋಲಿಯ ಕಡೆಗಿತ್ತು. ಖೋಲಿಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಮೇಲೆ ಜವಾನ ಮೋದಿನಸಾಬ ಕೂತಿದ್ದ. ಹೆಣ್ಣುಮಕ್ಕಳು ಗವಿಸಿದ್ದಪ್ಪ ಮಾಸ್ತರರ ಹತ್ತಿರ ಸಲಹೆ ಕೇಳಲು ಬಂದಾಗ ಅವನು ಅಲ್ಲಿರಬೇಕೆಂದು ಹೆಡ್ ಮಾಸ್ತರರ ಕಟ್ಟಪ್ಪಣೆ.

ಮಾಸ್ತರರು ಕೈಸನ್ನೆ ಮಾಡಿ ಅವನನ್ನು ಕರೆದರು.

"ಏನ್ ಹೇಳ್ಲಿಕತ್ತಾನೋ ಗವಿಸಿದ್ದ?"

"ಅವರೇನೂ ಹೇಳವಲ್ರರಿ. ಸುಮ್ನ ಕುಂತಾರ. ತಂಗೆವ್ವಾರ ಮಾತಾಡಾಕತ್ತಾರ."

"ಯಾರು, ನಮ್ಮ ಲೀಲಾ?"

"ಹೌದ್ರಿ. ನಡುವ ಒಮ್ಮಿ ನಕ್ಕರು ಸೈತ."

ರಾಘಣ್ಣ ಮಾಸ್ತರರ ಎದೆಯೊಳಗೆ ಯಾರೋ ಮೆಣಸಿನಕಾಯಿ ಸುಟ್ಟ ಹಾಗಾಯಿತು. ಲೀಲಾ ಅವರ ಒಬ್ಬಳೇ ಮಗಳು. ಮನೆಯಲ್ಲಿ ಆಕೆ ಆಡುತ್ತಿದ್ದದ್ದು ದಿನಕ್ಕೆ ಮೂರು ಮಾತು: ಊಟಕ್ಕ ಬರ್ರಿ, ಹೂಂ, ಆತು. ಹಬ್ಬವಿದ್ದರೆ ನಾಲ್ಕು.

ಹಾಗೆ ನೋಡಿದರೆ ರೋಣದಲ್ಲಿ ಸಲಹೆ ಎಂಬುದು ರಾಘಣ್ಣ ಮಾಸ್ತರರ ಮನೆಯ ಹಿತ್ತಿಲಲ್ಲೇ ಬೆಳೆಯುವ ಬೆಳೆ. ಇಪ್ಪತ್ತು ವರ್ಷದಿಂದ ರಿಸಲ್ಟ್ ಬಂದ ದಿನ ದೂರದ ಯಾವಗಲ್ಲ ಹಳ್ಳಿಯಿಂದಲೂ ಹುಡುಗರು ಅವರ ಕಟ್ಟೆಗೆ ಬರುತ್ತಿದ್ದರು. ಮಾಸ್ತರರು ಪ್ರತಿಯೊಬ್ಬನಿಗೂ ಒಂದು ತಂಬಿಗೆ ನೀರು ಕೊಟ್ಟು, ಕುಡಿಯುವುದನ್ನು ನೋಡುತ್ತಿದ್ದರು. ಗಟಗಟ ಏರಿಸಿದವನಿಗೆ ಆರ್ಟ್ಸ್, ಮುಂದೆ ವಕೀಲಿ. ಕುಡಿಯುವ ಮೊದಲು ತಂಬಿಗೆಯೊಳಗೆ ಇಣುಕಿದವನಿಗೆ ಸಾಯನ್ಸ್. ಕುಡಿದು, ತೊಳೆದು, ಬೋರಲು ಹಾಕಿದವನಿಗೆ ಕಾಮರ್ಸ್. ಆಮೇಲೆ ಕಾರಣ ವಿವರಿಸುತ್ತಿದ್ದರು. ವಿವರಣೆ ಶುರುವಾದಾಗ ಹೊಳೆಆಲೂರಿನ ಸ್ಟೇಷನ್ನಿಗೆ ಹೊರಟ ಚಕ್ಕಡಿ, ರೈಲಿನವರನ್ನು ಕೂಡಿಸಿಕೊಂಡು ತಿರುಗಿ ಬಂದರೂ ಮಾಸ್ತರರು ಇನ್ನೂ ಪೀಠಿಕೆಯಲ್ಲೇ ಇರುತ್ತಿದ್ದರು. ಸುಳ್ಳಾದರೆ ಆ ಎತ್ತುಗಳನ್ನು ಕೇಳಬಹುದಿತ್ತು. ಈಗ ಅವೂ ಇಲ್ಲ.

ಪುರ್ತಗೇರಿಯ ಒಕ್ಕಲುತನದ ಮನೆಯ ಗವಿಸಿದ್ದಪ್ಪನೂ ಒಂದು ಕಾಲಕ್ಕೆ ಅದೇ ತಂಬಿಗೆ ಎತ್ತಿದವನು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿಕೊಂಡಿದ್ದ. ಅವನಿಗೆ ಮಾಸ್ತರಕಿಯೇ ಗತಿ ಎಂದು ಹೇಳಿದವರು ಇವರೇ. ಅವನು ಹಾಗೇ ಆಗಿ, ಇವರ ಪಕ್ಕದ ಕುರ್ಚಿಗೇ ಬಂದು ಕೂತ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಐವತ್ತೇಳರ ಬೇಸಿಗೆಯಲ್ಲಿ ಧಾರವಾಡದಿಂದ ಕಾಗದ ಬಂತು. ಕಾಲೇಜಿಗೆ ಹೋಗುವ ಹುಡುಗರಿಗೆ ಸಲಹೆ ಕೊಡುವ ಮಾಸ್ತರರಿಗೆ ಹನ್ನೆರಡು ದಿನದ ತರಬೇತಿ, ಸಾಲಿಗೆ ಒಬ್ಬರು, ವಯಸ್ಸು ನಲವತ್ತರೊಳಗೆ. ರಾಘಣ್ಣ ಮಾಸ್ತರರಿಗೆ ನಲವತ್ತೊಂಬತ್ತು. ಗವಿಸಿದ್ದಪ್ಪ ರೈಲು ಹತ್ತಿದ. ತಿರುಗಿ ಬರುವಾಗ ಹುಡುಗರು ಹೇಳಿದ್ದನ್ನು ಬರೆದಿಡಲು ಒಂದು ತಗಡಿನ ಡಬ್ಬಿ ತುಂಬ ಕಾರ್ಡು ತಂದ, ಒಂದು ಚಟವನ್ನೂ ತಂದ: ಹುಡುಗನನ್ನು ಕೂಡಿಸಿಕೊಂಡು ಒಂದು ಪ್ರಶ್ನೆ ಕೇಳುವುದು, ಆಮೇಲೆ ಬಾಯಿ ಮುಚ್ಚಿಕೊಂಡು ಕೂಡುವುದು.

"ಹನ್ನೆರಡು ದಿನ ಸುಮ್ನಿರೂದು ಕಲಿಸ್ಯಾರಂತ. ನಮ್ಮ ಎಮ್ಮಿಗೆ ಅದು ಹುಟ್ಟತ್ಲೇ ಬರ್ತದ" ಎಂದು ರಾಘಣ್ಣ ಮಾಸ್ತರರು ಎಲ್ಲರೆದುರು ನಕ್ಕರು.

ಆದರೆ ರಿಸಲ್ಟ್ ಬಂದಾಗ ಹುಡುಗರ ಸಾಲು ನಕಾಶೆಯ ಖೋಲಿಯ ಮುಂದೆ ನಿಂತಿತು. ಕಟ್ಟೆಯ ಮೇಲಿನ ನೀರಿಗೆ ಬಾಯಿ ಹಾಕಿದ್ದು ಓಣಿಯ ಶೇಖವ್ವನ ಆಡು ಒಂದೇ. ಮಾಸ್ತರರು ಅದಕ್ಕೆ ಮನಸ್ಸಿನಲ್ಲೇ ಕಾಮರ್ಸ್ ಕೊಟ್ಟು ಒಳಗೆ ಹೋದರು.

ಅದನ್ನೂ ನುಂಗಿಕೊಂಡಿದ್ದರು. ಆದರೆ ಲೀಲಾ? ಆಕೆಯ ಆರ್ಟ್ಸ್ ಫಾರ್ಮನ್ನು ತಾವೇ ತುಂಬಿ, ಸಹಿ ಮಾಡಿ, ಟ್ರಂಕಿನಲ್ಲಿಟ್ಟಿದ್ದಾರೆ. ಇನ್ನು ಮಾತಾಡಲಿಕ್ಕೆ ಏನಿತ್ತು, ಅದೂ ನಲವತ್ತು ಮಿನಿಟು, ಅದೂ ನಕ್ಕು?

ಸಾಲಿ ಬಿಟ್ಟ ಮೇಲೆ ಅವರು ಗವಿಸಿದ್ದಪ್ಪನನ್ನು ಖೋಲಿಯಲ್ಲೇ ಹಿಡಿದರು.

"ಗವಿಸಿದ್ದ, ನೀ ನನ್ನ ಶಿಷ್ಯ ಹೌದೋ ಅಲ್ಲೋ?"

"ಹೌದ್ರಿ."

"ಆಕಿ ನನ್ನ ಮಗಳು ಹೌದೋ ಅಲ್ಲೋ?"

"ಹೌದ್ರಿ."

"ಹಂಗಾರ ಆಕಿ ಕಾರ್ಡು ತೆಗಿ."

"ಅದೊಂದು ಆಗೂದಿಲ್ರಿ. ಕಾರ್ಡಿನಾಗಿಂದು ಹುಡುಗೂರ್ದು. ಅಪ್ಪಗೂ ತೋರ್ಸಬಾರ್ದು ಅಂತ ಅಲ್ಲೆ ಮೊದಲ್ನೇ ದಿನಾನ ಹೇಳ್ಯಾರ."

ಇಷ್ಟು ಹೇಳಿ ಗವಿಸಿದ್ದಪ್ಪ ಸುಮ್ಮನೆ ಕೂತ. ರಾಘಣ್ಣ ಮಾಸ್ತರರು ಆ ಹನ್ನೆರಡು ದಿನವನ್ನು ಬೈದರು, ನಲವತ್ತರ ನಿಯಮವನ್ನು ಬೈದರು. ಅವನು ಸುಮ್ಮನಿದ್ದ. ಇಪ್ಪತ್ತು ವರ್ಷದ ಕಟ್ಟೆಯ ಬಗ್ಗೆ ಹೇಳಿದರು. ಸುಮ್ಮನಿದ್ದ. ಹೇಳುತ್ತ ಹೇಳುತ್ತ, ಮಗಳು ನಕ್ಕಿದ್ದನ್ನು ತಾವು ಕೊನೆಗೆ ನೋಡಿದ್ದು ಆಕೆ ಐದನೆಯ ಇಯತ್ತೆಯಲ್ಲಿದ್ದಾಗ ಎಂಬುದೂ ಬಾಯಿಂದ ಜಾರಿತು. ಆಗ ತಟ್ಟನೆ ಹೊಳೆಯಿತು, ಈ ಮಗ ತಮ್ಮ ಮೇಲೇ ವಿದ್ಯೆ ನಡೆಸುತ್ತಿದ್ದಾನೆ ಎಂದು.

"ಲೇ, ನನಗೊಂದು ಕಾರ್ಡು ಬರಕೊಂಡಿ ಏನೋ?"

"ಇಲ್ರಿ." ಗವಿಸಿದ್ದಪ್ಪ ಡಬ್ಬಿಯ ಮುಚ್ಚಳ ಹಾಕಿದ. "ಆಕಿನ್ನ ನೀವ ಕೇಳ್ರಿ ಮಾಸ್ತರ್ರ. ಕೇಳಿ ಸುಮ್ನಿರ್ರಿ. ಅದು ಭಾಳ ತ್ರಾಸಿನ ಕೆಲಸ. ಮೊದಲ್ನೇ ದಿನ ನನಗ ಎರಡು ಮಿನಿಟು ಸೈತ ಆಗ್ಲಿಲ್ಲ."

"ನಿನಗ ಆಗಿರ್ಲಿಕ್ಕಿಲ್ಲ" ಎಂದು ರಾಘಣ್ಣ ಮಾಸ್ತರರು ಹೊರಟರು.

ಮನೆಯ ಪಡಸಾಲೆಯಲ್ಲಿ ಲೀಲಾ ಮೊರದೊಳಗೆ ಜೋಳ ಹಸನು ಮಾಡುತ್ತಿದ್ದಳು. ತಾಯಿ ಗಂಗಾಬಾಯಿ ಪಕ್ಕದಲ್ಲಿ ಎಲೆಯಡಿಕೆಯ ತಬಕು ಇಟ್ಟುಕೊಂಡು ಕೂತಿದ್ದರು. ಮಾಸ್ತರರು ಪೇಟ ತೆಗೆಯದೆ, ಆ ದಿನವಷ್ಟೇ ಅಗಸರ ಮನೆಯಿಂದ ಬಂದ ಬಿಳಿ ಕೋಟನ್ನೂ ತೆಗೆಯದೆ, ಮಗಳ ಎದುರು ಕೂತರು.

"ಲೀಲಾ, ನಿನಗೇನು ಓದಬೇಕು ಅನಸ್ತದ?"

"ನೀವು ಆರ್ಟ್ಸ್ ಅಂದೀರಲ್ಲಪ್ಪಾ."

ಯಾಕೆ ಆರ್ಟ್ಸ್ ಎಂಬುದರ ಏಳು ಕಾರಣಗಳು ಮಾಸ್ತರರ ನಾಲಿಗೆಯ ತುದಿಗೆ ಬಂದು ನೂಕಾಡತೊಡಗಿದವು. ಮೊದಲನೆಯದು ಹಲ್ಲು ದಾಟುವಷ್ಟರಲ್ಲಿ ಅವರು ತಬಕಿಗೆ ಕೈ ಹಾಕಿ, ಜನ್ಮದಲ್ಲಿ ಎಲೆ ಹಾಕದವರು, ಆರು ಎಲೆ, ಮುಷ್ಟಿ ಅಡಿಕೆ, ಸುಣ್ಣ, ಕಾಚು ಎಲ್ಲ ಒಟ್ಟಿಗೆ ಬಾಯಿಗೆ ತುರುಕಿಕೊಂಡರು. ಎರಡೂ ಗಲ್ಲ ಉಬ್ಬಿದವು.

"ಇದೇನ್ರಿ, ಹಲ್ಲು ನೋವೇನು?" ಎಂದರು ಗಂಗಾಬಾಯಿ.

ಮಾಸ್ತರರು ತಲೆಯಾಡಿಸಿದರು. ಲೀಲಾ ಮೊರ ಕೇರಿದಳು. ಒಂದು ಹರಳು ಆರಿಸಿ ಎಸೆದಳು. ಅಪ್ಪನ ಮುಖ ನೋಡಿದಳು, ಏನೂ ಬರಲಿಲ್ಲ. ಇನ್ನೊಂದು ಹರಳು ಎಸೆದಳು.

"ನನಗ ಗಣಿತ ಬೇಕು" ಎಂದಳು.

ಮಾಸ್ತರರು ಅಗಿದರು.

"ಗವಿಸಿದ್ದಪ್ಪ ಮಾಸ್ತರ್ರ ಮುಂದ ಏನೇನೋ ಮಾತಾಡೇನಿ, ಗಣಿತದ್ದು ಮಾತ್ರ ಇಷ್ಟೇ ಹೇಳೇನಿ. ಯಾಕ ಅಂತ ಅವರಿಗೂ ಹೇಳಿಲ್ಲ."

ಅವರಿಗೂ ಹೇಳಿಲ್ಲ. ಮಾಸ್ತರರ ಕಣ್ಣು ಅಗಲವಾದವು. ಎದೆಯೊಳಗಿನ ಮೆಣಸಿನಕಾಯಿಯ ಮೇಲೆ ಯಾರೋ ಮೊಸರು ಹುಯ್ದ ಹಾಗಾಯಿತು. ಅವರು ಮೊಣಕಾಲಿನ ಮೇಲೆ ಮುಂದೆ ಸರಿದರು.

"ಲೆಕ್ಕ ಬಿಡಿಸುವಾಗ ಯಾರೂ ನಡುವ ಬಾಯಿ ಹಾಕೂದಿಲ್ಲಪ್ಪಾ" ಎಂದಳು ಲೀಲಾ. "ಕಡೀತನಕ ನಮ್ಮ ಪಾಡಿಗೆ ನಾವು ಹೋಗಬಹುದು. ತಪ್ಪಿದ್ರ ಅಲ್ಲೇ ಗೊತ್ತಾಗ್ತದ, ಯಾರೂ ಹೇಳೂದ ಬ್ಯಾಡ. ಮೊನ್ನೆ ಒಂದು ಲೆಕ್ಕ, ಮೂರು ದಿನ ಹಿಡೀತು..."

ಆಕೆ ಮೊರ ಕೆಳಗಿಟ್ಟಳು. ಜೋಳದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದಳು, ಅದಕ್ಕೆ ಅಡ್ಡ ಇನ್ನೊಂದು. ಮಾಸ್ತರರ ಬಾಯಿ ತುಂಬಿಹೋಗಿತ್ತು. ಉಗುಳಬೇಕಾದರೆ ಏಳಬೇಕು, ಎದ್ದರೆ ಆಕೆ ನಿಲ್ಲಿಸಿಬಿಟ್ಟಾಳು. ಕೆಂಪು ರಸ ತುಟಿಯ ತುದಿಯಿಂದ ಗದ್ದಕ್ಕೆ, ಗದ್ದದಿಂದ ಕೋಟಿನ ಮೊದಲ ಗುಂಡಿಗೆ ಇಳಿಯಿತು. ಗಂಗಾಬಾಯಿ ಸೆರಗು ಹಿಡಿದು ಕೈ ಮುಂದೆ ಮಾಡಿದರು. ಅವರು ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ರಸ ಎರಡನೆಯ ಗುಂಡಿ ದಾಟಿತು. ಲೀಲಾ ಜೋಳದ ಮೇಲೆ ಮೂರನೆಯ ಗೆರೆ ಎಳೆಯುತ್ತಿದ್ದಳು.